ಬೀದಿಗೆ ಬಾಗಿದ ಡಿಶ್ ಕಂಬ

ನೆಟ್ಟಗೆ ಬದುಕಬೇಕು ಎಂದು ನಿನ್ನೆ ಹೇಳಿದೆ. ನೀವೆಲ್ಲ ತಲೆಯಾಡಿಸಿದಿರಿ. ಎಷ್ಟು ಚೆನ್ನಾಗಿ ಆಡಿಸಿದಿರಿ ಎಂದರೆ ನನಗೇ ಅನುಮಾನ ಬಂತು. ಇಷ್ಟು ಜನ ಇಷ್ಟು ಬೇಗ ಒಪ್ಪಿಕೊಂಡರು ಎಂದರೆ ಮಾತು ಯಾರಿಗೂ ತಾಗಿಲ್ಲ ಎಂದೇ ಲೆಕ್ಕ. ಅದಕ್ಕೇ ಇವತ್ತು ಅದೇ ಮಾತನ್ನು ಮತ್ತೆ ಹಿಡಿದಿದ್ದೇನೆ. ತಾಗುವ ತನಕ ನಾನು ಬಿಡುವವನಲ್ಲ. ಒಂದು ದೃಷ್ಟಾಂತ ಹೇಳುತ್ತೇನೆ, ತಾಯಂದಿರೇ, ಅಣ್ಣಂದಿರೇ, ಕೇಳಿ.

ನಮ್ಮ ಕಡೆಯದೇ ಒಂದು ಊರು. ಆ ಊರಲ್ಲಿ ಒಬ್ಬ ಶ್ರೀಮಂತ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವನನ್ನು ನೋಡಿ ನಗುತ್ತೀರಿ, ನಿಮ್ಮನ್ನು ನೋಡಿಕೊಳ್ಳುವುದಿಲ್ಲ. ಸಾಹುಕಾರ ಅಂದರೆ ಸಾಕು. ಅವನದು ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಫರಸಿ ಕಲ್ಲಿನ ಕೆಲಸ ನಿಮಗೆ ಗೊತ್ತೇ ಇದೆ. ಕಲ್ಲಿಗೆ ಎರಡು ಕಡೆ ಇರುತ್ತದೆ, ಪಾಲಿಶ್ ಮಾಡುವುದು ಒಂದೇ ಕಡೆ. ಮುಖದ ಕಡೆ ಕನ್ನಡಿಯ ಹಾಗೆ ಹೊಳೆಯಬೇಕು. ಬೆನ್ನಿನ ಕಡೆ ಹೇಗಿದ್ದರೂ ನಡೆಯುತ್ತದೆ, ಅದು ಹೇಗೂ ಸಿಮೆಂಟಿನೊಳಗೆ ಹೋಗುತ್ತದೆ. ಕಲ್ಲಿಗೆ ಅದು ಸರಿ. ತಪ್ಪೇನಿಲ್ಲ. ಆದರೆ ಮೂವತ್ತು ವರ್ಷ ಅದೇ ಕೆಲಸ ಮಾಡಿ ಮಾಡಿ, ಆ ಸಾಹುಕಾರ ಜಗತ್ತಿನಲ್ಲಿ ಎಲ್ಲಕ್ಕೂ ಒಂದೇ ಮುಖ ಎಂದುಕೊಂಡಿದ್ದ.

ಅವನಿಗೆ ಒಬ್ಬಳೇ ಮಗಳು, ನೀಲಗಂಗಾ. ಸೈಕಲ್ ಸ್ಪರ್ಧೆಯ ಹುಡುಗಿ. ಜಿಲ್ಲಾ ಮಟ್ಟದಲ್ಲಿ ಗೆದ್ದಳು, ರಾಜ್ಯ ಮಟ್ಟದಲ್ಲಿ ಗೆದ್ದಳು. ಸಾಹುಕಾರ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಮಗಳ ಫೋಟೋ ತೋರಿಸುತ್ತಿದ್ದ. ಆದರೆ ಸ್ಪರ್ಧೆ ನೋಡಲು ಹೋಗಿದ್ದನೇ? ಒಂದಕ್ಕೂ ಇಲ್ಲ! ಪ್ರತಿ ಸಲ ‘ಬರ್ತೀನವ್ವಾ’ ಅನ್ನುವುದು, ಪ್ರತಿ ಸಲ ಒಂದು ಲಾರಿ ಲೋಡ್ ಅಡ್ಡ ಬರುವುದು. ಏಳು ಸಲ ಹೇಳಿದ, ಏಳು ಸಲ ಹೋಗಲಿಲ್ಲ. ತಾಯಿಯೇ ಹೋಗಿ ದಾರಿ ಬದಿಯಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುತ್ತಿದ್ದಳು.

ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ಅಂಗೈಯಲ್ಲಿ ಮೊಬೈಲ್ ಹಿಡಿದು ಆಟ ನೋಡುವ ಕಾಲ ಅಲ್ಲ. ಆ ಹುಡುಗಿ ದೇಶದ ಕಿರಿಯರ ತಂಡಕ್ಕೆ ಆಯ್ಕೆಯಾಗಿ ಕೊಲ್ಲಿ ದೇಶದ ಒಂದು ಊರಿಗೆ ಹೊರಟಳು. ಹೊರಡುವಾಗ ಕೇಳಿದಳು, “ಅಪ್ಪಾಜಿ, ಅಲ್ಲಿ ಟಿವಿಯಾಗ ತೋರಿಸ್ತಾರಂತ. ಆಯಿತವಾರ ನಮ್ಮೂರ ಟೈಮ್ ಹನ್ನೊಂದಕ್ಕ ನನ್ನ ರೇಸ್. ನೋಡ್ತೀರೇನು?”

“ನೋಡ್ತೀನವ್ವಾ, ಖಂಡಿತ ನೋಡ್ತೀನಿ.”

ಮಗಳು ಸುಮ್ಮನೆ ನಕ್ಕಳು, ನೋಡಿ. ಆ ನಗು ಸಾಹುಕಾರನಿಗೆ ಚುಚ್ಚಿತು. ಈ ಸಲ ನೋಡಿಯೇ ಸೈ ಎಂದು ಹಟ ಹಿಡಿದ. ಆದರೆ ಆ ಸ್ಪರ್ಧೆಯನ್ನು ನಮ್ಮ ಚಾನೆಲ್‌ಗಳು ಯಾವುವೂ ತೋರಿಸುತ್ತಿರಲಿಲ್ಲ. ಪಶ್ಚಿಮದ ಕಡೆ ಇರುವ ಒಂದು ಉಪಗ್ರಹದಲ್ಲಿ ಆ ದೇಶದ ಚಾನೆಲ್ ಬರುತ್ತಿತ್ತು, ಅಷ್ಟೇ. ಹಾಗಾಗಿ ಪಟ್ಟಣದಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿ, ಮೋಟರ್ ಇರುವ ದೊಡ್ಡ ಡಿಶ್ ತರಿಸಿದ.

ಮೋಟರ್ ಇರುವ ಡಿಶ್ ಅಂದರೆ ಏನು? ಸಾಮಾನ್ಯ ಡಿಶ್ ಒಂದೇ ಕಡೆ ಮುಖ ಮಾಡಿ ಕೂರುತ್ತದೆ. ಇದು ಹಾಗಲ್ಲ. ಕೈಯಲ್ಲಿ ರಿಮೋಟ್ ಒತ್ತಿದರೆ ಮೇಲೆ ಡಿಶ್ ತಾನೇ ತಿರುಗುತ್ತದೆ. ಆಕಾಶದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಉಪಗ್ರಹಗಳು ಕಮಾನಿನ ಹಾಗೆ ಸಾಲಾಗಿವೆಯಂತೆ. ಡಿಶ್ ಆ ಕಮಾನಿನ ಗುಂಟ ಹೋಗಿ ಬೇಕಾದ್ದನ್ನು ಹಿಡಿಯುತ್ತದೆ. ಆದರೆ ಒಂದೇ ಒಂದು ನಿಯಮ. ಅದು ಕೂತಿರುವ ಕಂಬ ನೆಟ್ಟಗಿರಬೇಕು. ಒಂದು ಕಡೆಯಿಂದ ಅಲ್ಲ, ಎಲ್ಲ ಕಡೆಯಿಂದ ನೆಟ್ಟಗಿರಬೇಕು.

ಮಾಳಿಗೆಯ ಮೇಲೆ ಕಂಬ ನಿಲ್ಲಿಸುವ ದಿನ ಸಾಹುಕಾರ ಎಲ್ಲಿ ನಿಂತಿದ್ದ? ಬೀದಿಯಲ್ಲಿ! ಪೂರ್ವಕ್ಕೆ ಬಾಗಿಲಿನ ಮನೆ. ಮನೆಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, “ಎಡಕ್ಕ ಸರಸ್ರಿ, ಹಾಂ, ಬಲಕ್ಕ, ಸಾಕು, ಸಾಕು” ಎಂದು ಕೂಗುತ್ತಿದ್ದ. ಬೀದಿಯಿಂದ ಕಂಬ ಗೆರೆ ಎಳೆದಂತೆ ಕಾಣುತ್ತಿತ್ತು. ಮೆಕ್ಯಾನಿಕ್ ಮೇಲಿನಿಂದ ಹೇಳಿದ, “ಸಾವ್ಕಾರ್ರ, ಬಾಜೂಕಿಂದನೂ ಒಂದ್ಸಲ ನೋಡ್ಬೇಕ್ರಿ.”

“ಆ ಬಾಜೂಕ ಬಟ್ಟಿ ಒಣಗ್ಸೂ ಜಾಗಾ ಐತಿ. ಅಲ್ಲಿಂದ ಯಾರ್ ನೋಡ್ತಾರ? ನನಗ ಕಲಸಾಕ ಬರಬ್ಯಾಡ. ಕಾಂಕ್ರೀಟ್ ಹಾಕ್ರಿ.”

ಅಲ್ಲಿಂದ ಯಾರು ನೋಡುತ್ತಾರೆ! ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಾಂಕ್ರೀಟ್ ಬಿತ್ತು, ಡಿಶ್ ಏರಿತು. ಶನಿವಾರ ಹಗಲು ಕ್ರಿಕೆಟ್ ಪಂದ್ಯ. ಸಾಹುಕಾರ ಊರಿನ ದೊಡ್ಡವರನ್ನೆಲ್ಲ ಕರೆದ. ಪುರಸಭೆ ಅಧ್ಯಕ್ಷರು ಬಂದರು, ಬ್ಯಾಂಕಿನ ಮ್ಯಾನೇಜರ್ ಬಂದರು, ವೈದ್ಯರು ಬಂದರು. ಒಬ್ಬ ಸ್ವಾಮಿಗಳೂ ಸೋಫಾದ ಮೇಲೆ ಕೂತಿದ್ದರು. ಯಾರು ಆ ಸ್ವಾಮಿ ಎಂದು ಕೇಳಬೇಡಿ. ಉಪ್ಪಿಟ್ಟು ಚೆನ್ನಾಗಿತ್ತು, ಅಷ್ಟು ಮಾತ್ರ ಹೇಳಬಲ್ಲೆ. ಚಿತ್ರವಂತೂ ಮೈದಾನದ ಹುಲ್ಲು ಎಣಿಸಬಹುದು ಎನ್ನುವಷ್ಟು ನಿಚ್ಚಳ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅರ್ಧ ಆಟ ಮುಗಿದಾಗ ಸಾಹುಕಾರ ಎದ್ದು ನಿಂತು, “ಈಗ ನಾಳೆ ನಮ್ಮ ನೀಲಗಂಗಾನ ತೋರ್ಸೂ ಚಾನೆಲ್ ಹಚ್ತೀನಿ ನೋಡ್ರಿ” ಎಂದು ರಿಮೋಟ್ ಒತ್ತಿದ. ಮೇಲೆ ಮೋಟರ್ ಗುಂಯ್ ಎಂದಿತು. ಡಿಶ್ ಪಶ್ಚಿಮಕ್ಕೆ ತಿರುಗಿತು. ಟಿವಿಯಲ್ಲಿ ಬರೀ ನೀಲಿ ಬಣ್ಣ. ಹಿಂದೆ ತಿರುಗಿಸಿದರೆ ಕ್ರಿಕೆಟ್ ಬಂತು. ಮತ್ತೆ ಪಶ್ಚಿಮಕ್ಕೆ ತಿರುಗಿಸಿದರೆ ನೀಲಿ.

ಮೆಕ್ಯಾನಿಕ್ ಅಲ್ಲೇ ಇದ್ದ. ಅವನ ಮೇಲೆ ಸಾಹುಕಾರ ಹರಿಹಾಯ್ದ. ಆತ ಕೇಬಲ್ ನೋಡಿದ, ಮೋಟರ್ ನೋಡಿದ, ಪೆಟ್ಟಿಗೆ ಬಿಚ್ಚಿ ನೋಡಿದ. “ಎಲ್ಲಾ ಸರಿ ಐತ್ರಿ” ಎಂದು ನೆಲ ನೋಡುತ್ತ ನಿಂತ. ಅವನಿಗೆ ಕಾರಣ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಒಮ್ಮೆ ಬಾಯಿ ಮುಚ್ಚಿಸಿಕೊಂಡವನು ಎರಡನೆಯ ಸಲ ಬಾಯಿ ತೆರೆಯುತ್ತಾನೆಯೇ? ನಿಮ್ಮ ಕೈಕೆಳಗಿನವರು ಸುಮ್ಮನಿದ್ದಾರೆ ಎಂದರೆ ನೀವು ಸರಿ ಇದ್ದೀರಿ ಎಂದು ತಿಳಿಯಬೇಡಿ.

ಆಗ ಒಳಗಿನಿಂದ ಚಹಾ ತಂದ ಹೆಂಡತಿ ತಟ್ಟೆ ಇಡುತ್ತ ಹೇಳಿದಳು, “ಕಂಬ ವಾಲೇತಲ್ರೀ. ನೋಡಿಲ್ಲೇನು?”

“ಎಲ್ಲಿ ವಾಲೇತಿ? ನಾನ ನಿಂತು ನೋಡೀನಿ!”

“ನೀವು ಬೀದಿಯಾಗ ನಿಂತು ನೋಡೀರಿ. ನಾ ದಿನಾ ಬಟ್ಟಿ ಹಾಕೂ ಮುಂದ ಬಾಜೂಕಿಂದ ನೋಡ್ತೀನಿ. ಮೊದಲನೇ ದಿನದಿಂದ ಅದು ಬೀದಿ ಕಡೆ ಬಾಗೇತಿ.”

“ಮತ್ತ ನನಗ ಯಾಕ ಹೇಳಲಿಲ್ಲ?”

“ನೀವು ನನ್ನ ಯಾವತ್ತರ ಕೇಳೀರೇನು?”

  ಸಾಹುಕಾರ ಎದ್ದು, ಆ ಮನೆ ಕಟ್ಟಿದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಬಟ್ಟೆ ಒಣಗಿಸುವ ಜಾಗಕ್ಕೆ ಹೋಗಿ ನಿಂತ. ತಲೆಯೆತ್ತಿ ನೋಡಿದ. ಕಂಬ ಬೀದಿಯ ಕಡೆಗೆ ಮೂರು ಬೆರಳು ಬಾಗಿತ್ತು. ಬಗ್ಗಿ ಬೀದಿಗೆ ನಮಸ್ಕಾರ ಮಾಡಿದ ಹಾಗೆ! ಬೀದಿಯಲ್ಲಿ ನಿಂತವನಿಗೆ, ತನ್ನ ಕಡೆಗೇ ಬಾಗಿದ್ದು ಬಾಗಿದೆ ಎಂದು ಕಾಣುತ್ತದೆಯೇ? ಕಾಣುವುದಿಲ್ಲ. ನೆಟ್ಟಗೇ ಕಾಣುತ್ತದೆ.

ಯಮನೂರಪ್ಪ ಎಂಬ ಗಾರೆ ಕೆಲಸದ ಗೌಂಡಿಯನ್ನು ಕರೆಸಿದರು. ಆತ ದಾರಕ್ಕೆ ಗುಂಡು ಕಟ್ಟಿ ಕಂಬದ ಪಕ್ಕ ಇಳಿಬಿಟ್ಟು ನೋಡಿ, “ಬುಡಾನ ಒಡೀಬೇಕ್ರಿ ಸಾವ್ಕಾರ್ರ. ಮ್ಯಾಲೆ ಹಗ್ಗ ಕಟ್ಟಿ ಎಳದ್ರ ನಿಂದರೂದಿಲ್ಲ” ಎಂದ.

ಈಗ ಕಷ್ಟ ಎಲ್ಲಿ ಬಂತು ನೋಡಿ. ಬುಡ ಒಡೆದರೆ ಇರುವ ಚಿತ್ರವೂ ಹೋಗುತ್ತದೆ. ಒಳಗೆ ಊರಿನ ದೊಡ್ಡವರು ಕೂತಿದ್ದಾರೆ, ಪಂದ್ಯ ಅರ್ಧ ಉಳಿದಿದೆ. ಅಧ್ಯಕ್ಷರು ಸಮಾಧಾನ ಹೇಳಿದರು, “ಇರಲಿ ಬಿಡ್ರಿ. ನಾಳೆ ಸಂಜೀಕ ಒಡಸ್ರಿ. ಹುಡುಗಿ ಮುಂದ ಇನ್ನೂ ಎಷ್ಟೋ ರೇಸ್ ಆಡ್ತಾಳ. ಈಗ ಮ್ಯಾಚ್ ಹಚ್ರಿ.”

ಎಂಥ ಸಿಹಿ ಮಾತು! ಏಳು ಸಲ ಸಾಹುಕಾರ ತನಗೆ ತಾನೇ ಹೇಳಿಕೊಂಡದ್ದೂ ಅದೇ ಮಾತು. ಮುಂದೆ ಇನ್ನೂ ಎಷ್ಟೋ ಇವೆ. ಈಗ ಅದೇ ಮಾತು ಬೇರೆಯವರ ಬಾಯಲ್ಲಿ ಕೇಳಿಸಿತು. ಕೇಳಿ ಅವನಿಗೆ ನಾಚಿಕೆಯಾಯಿತು. ಕೈ ಮುಗಿದ. “ತಪ್ಪ ತಿಳ್ಕೋಬ್ಯಾಡ್ರಿ. ಮ್ಯಾಚ್ ಇಲ್ಲಿಗೆ ಮುಗೀತು. ಉಳಿದದ್ದು ನಿಮ್ಮ ನಿಮ್ಮ ಮನ್ಯಾಗ ನೋಡ್ಕೊಳ್ರಿ” ಎಂದವನೇ ಅಂಗಿ ಬಿಚ್ಚಿ, ಸುತ್ತಿಗೆ, ಉಳಿ ಹಿಡಿದು ಮಾಳಿಗೆ ಹತ್ತಿದ. ಆಳುಗಳನ್ನು ಕಳಿಸಲಿಲ್ಲ. ತಾನೇ ಹಾಕಿಸಿದ ಕಾಂಕ್ರೀಟನ್ನು ತಾನೇ ಒಡೆದ. ಆ ಸ್ವಾಮಿಗಳಿಗೆ ಸ್ವಲ್ಪ ಬೇಸರವಾಯಿತು, ಅದೂ ನಿಜ.

ಅಂಗೈಯಲ್ಲಿ ಬೊಕ್ಕೆ ಎದ್ದವು. ಬಿಡಲಿಲ್ಲ. ಕತ್ತಲಾಗುವುದರೊಳಗೆ ಬುಡ ಬಿಚ್ಚಿತು. ಸಿಮೆಂಟು ಗಟ್ಟಿಯಾಗಲು ಕಾಲವಿಲ್ಲ. ಭಾನುವಾರ ಬೆಳಿಗ್ಗೆ ಯಮನೂರಪ್ಪ ಗುಂಡು ಇಳಿಬಿಟ್ಟ, ಸಾಹುಕಾರ ಕಲ್ಲಿನ ಚೂರುಗಳನ್ನು ಬೆಣೆಯಾಗಿ ಬಡಿದ. ಮೂರು ಕಡೆ ತಂತಿ ಎಳೆದು ಕಟ್ಟಿದರು. ಹೆಂಡತಿಯನ್ನು ಬಾಜೂಕೆ ನಿಲ್ಲಿಸಿ, “ನೀ ಹೇಳು, ಸರಿ ಐತೇನು?” ಎಂದು ಕೇಳಿದ. ಆಕೆ “ಇನ್ನೊಂಚೂರು ಹಿಂದಕ್ಕ” ಎಂದಳು. ಹಿಂದಕ್ಕೆ ಸರಿಸಿದ. ಆಕೆ “ಸಾಕು” ಎಂದ ಮೇಲೆಯೇ ಸುತ್ತಿಗೆ ಕೆಳಗಿಟ್ಟ.

ಹತ್ತು ಗಂಟೆಯಾಯಿತು. ಡಿಶ್ ಮತ್ತೆ ಕೂತಿತು. ಏನೂ ಬರಲಿಲ್ಲ. ಕಂಬ ಸರಿಯಾದ ಮೇಲೆ ಎಲ್ಲವನ್ನೂ ಹೊಸದಾಗಿ ಹುಡುಕಬೇಕು. ಮೊದಲಿದ್ದ ಕ್ರಿಕೆಟ್ ಚಿತ್ರವೂ ಇಲ್ಲ. ಮೆಕ್ಯಾನಿಕ್ ಕೂದಲೆಳೆಯಷ್ಟು ತಿರುಗಿಸುತ್ತಾನೆ, ಕೆಳಗೆ ಟಿವಿ ಮುಂದೆ ಹೆಂಡತಿ “ಇಲ್ಲ” ಎಂದು ಕೂಗುತ್ತಾಳೆ. ಮತ್ತೆ ತಿರುಗಿಸುತ್ತಾನೆ, “ಇಲ್ಲ.” ಹತ್ತೂವರೆ. “ಇಲ್ಲ.” ಹನ್ನೊಂದು ಹೊಡೆಯಿತು. “ಇಲ್ಲ.” ಸಾಹುಕಾರನ ಕಣ್ಣಲ್ಲಿ ನೀರು. ಆದರೂ ಕಂಬ ಬಿಟ್ಟು ಕದಲಲಿಲ್ಲ. “ಮತ್ತ ನೋಡಪಾ, ಮತ್ತ ನೋಡು” ಎಂದ. ಹನ್ನೊಂದೂ ಹತ್ತಕ್ಕೆ ಕೆಳಗಿನಿಂದ ಕೂಗು ಬಂತು, “ಬಂತ್ರೀ! ಬರ್ರಿ, ಲಗೂ ಬರ್ರಿ!”

ಸಂಜೆ ನಾಲ್ಕಕ್ಕೆ ಮಗಳ ಫೋನ್. ಸಾಹುಕಾರನೇ ಎತ್ತಿಕೊಂಡ. “ನೋಡಿದ್ನೆವ್ವಾ ನಿನ್ನ” ಎಂದ.

ಆ ಕಡೆಯಿಂದ ಏನು ಉತ್ತರ ಬಂತು ಗೊತ್ತೇ? “ಸುಳ್ಳ ಯಾಕ ಹೇಳ್ತೀರಿ ಅಪ್ಪಾಜಿ. ಅವ್ವನ ಕೈಯಾಗ ಕೊಡ್ರಿ.”

ಸಿಟ್ಟಿಲ್ಲ ಆ ದನಿಯಲ್ಲಿ. ರೂಢಿಯಾಗಿಬಿಟ್ಟಿತ್ತು. ತಂದೆ ಫೋನ್ ಬಿಡಲಿಲ್ಲ. “ಎರಡನೇ ತಿರುವಿನ್ಯಾಗ ನಿನ್ನ ಚೈನ್ ಬಿತ್ತವ್ವಾ. ಯಾರೂ ಬರಲಿಲ್ಲ. ನೀನ ಇಳದು ಏರಿಸಿದಿ. ಕೈ ಕರ್ರಗಾಗಿತ್ತು, ಅಂಗಿಗೆ ವರಸ್ಕೊಂಡಿ. ಹದಿಮೂರು ಹುಡುಗ್ಯಾರು ನಿನ್ನ ದಾಟಿ ಹೋದ್ರು. ಎಂಟ್ ಮಂದೀನ ಮತ್ತ ಹಿಡದಿ. ಕಡೇಕ ಒಂಬತ್ತನೇದಾಕಿ ಬಂದಿ. ನಾ ಎಣಿಸೀನಿ.”

 ಆ ಕಡೆಯಿಂದ ಅಳು ಕೇಳಿಸಿತು. ಪದಕ ಬರಲಿಲ್ಲ ಎಂದು ಅತ್ತ ಅಳು ಅಲ್ಲ ಅದು. ನಿಮಗೂ ಗೊತ್ತು, ನನಗೂ ಗೊತ್ತು.

ಕಥೆ ಮುಗಿಯಿತು. ಈಗ ನಿಮ್ಮ ಸರದಿ. ಎಲ್ಲಿ ಏಳುತ್ತೀರಿ, ಕೂತುಕೊಳ್ಳಿ!

ಈ ಸಭೆಯಲ್ಲಿ ಮುಂದಿನ ಸಾಲಿನವರನ್ನು ನೋಡುತ್ತಿದ್ದೇನೆ. ಎಷ್ಟು ನೆಟ್ಟಗೆ ಕೂತಿದ್ದೀರಿ! ಮಠಕ್ಕೆ ಬರುತ್ತೀರಿ, ಎಲ್ಲರಿಗೂ ಬಾಗಿ ನಮಸ್ಕರಿಸುತ್ತೀರಿ, ಸಾಲಿನಲ್ಲಿ ನಿಂತು ಪ್ರಸಾದ ಬಡಿಸುತ್ತೀರಿ. ಬೀದಿಯಿಂದ ನೋಡಿದರೆ ಗೆರೆ ಎಳೆದ ಹಾಗೆ. ಅದೇ ಮನುಷ್ಯ ಮನೆಯ ಕಡೆ ತಿರುಗಿದಾಗ ಏನಾಗುತ್ತದೆ? ಹೆಂಡತಿ ಮಾತಾಡಿದರೆ ಕೇಳಿಸುವುದಿಲ್ಲ. ಮಗು ಕರೆದರೆ ಕಾಣಿಸುವುದಿಲ್ಲ. ಆಳು ಎದುರಿಗೆ ನಿಂತರೂ ಬರೀ ನೀಲಿ ಪರದೆ. ಆಗ ನೀವು ಮೋಟರನ್ನು ಬೈಯುತ್ತೀರಿ. ನನ್ನ ಹತ್ತಿರ ಬಂದು ‘ಮನೆಯವರಿಗೆ ಬುದ್ಧಿ ಇಲ್ಲ, ಸ್ವಾಮೀಜಿ’ ಎನ್ನುತ್ತೀರಿ. ಮೋಟರ್ ಸರಿ ಇದೆಯಪ್ಪಾ, ಕೇಬಲ್ ಸರಿ ಇದೆ. ಬಾಗಿರುವುದು ನೀವು. ಬೀದಿಯ ಹೊಗಳಿಕೆಯ ಕಡೆಗೆ ಬಾಗಿದ್ದೀರಿ, ಅದಕ್ಕೇ ಬೀದಿಯವರಿಗೆ ಅದು ಕಾಣುತ್ತಿಲ್ಲ.

ಮೇಲಿನಿಂದ ಹಗ್ಗ ಕಟ್ಟಿ ಎಳೆದರೆ ಸರಿಯಾಗುವುದಿಲ್ಲ. ಮಗನಿಗೆ ಒಂದು ಹೊಸ ಬಟ್ಟೆ, ಹೆಂಡತಿಗೆ ಒಂದು ಸೀರೆ, ಇದೆಲ್ಲ ಹಗ್ಗ ಕಟ್ಟುವುದು. ಬುಡ ಒಡೆಯಬೇಕು. ಒಡೆಯುವಾಗ ಹೊಳೆಯುತ್ತಿದ್ದ ಚಿತ್ರ ಹೋಗುತ್ತದೆ, ಊರವರು ಎದ್ದು ಹೋಗುತ್ತಾರೆ, ಕೈಯಲ್ಲಿ ಬೊಕ್ಕೆ ಏಳುತ್ತವೆ. ಹೋಗಲಿ. ಏಳಲಿ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ, ಅದಕ್ಕೂ ಹೆದರಬೇಡಿ.

ಇವತ್ತು ಮಾಡಬೇಕಾದ್ದು ಇಷ್ಟೇ. ಮನೆಗೆ ಹೋಗಿ. ಟಿವಿ ಹಚ್ಚಬೇಡಿ, ಫೋನ್ ಹಿಡಿಯಬೇಡಿ. ನಿಮ್ಮನ್ನು ಬಾಜೂಕಿನಿಂದ ದಿನಾ ನೋಡುವವರು ಒಬ್ಬರು ಇದ್ದೇ ಇರುತ್ತಾರೆ. ಹೆಂಡತಿ ಇರಬಹುದು, ಸೊಸೆ ಇರಬಹುದು, ನಿಮ್ಮ ಅಂಗಡಿಯಲ್ಲಿ ಹತ್ತು ವರ್ಷ ದುಡಿದವನಿರಬಹುದು. ಅವರ ಪಕ್ಕ ಕೂತು ಕೇಳಿ, ‘ನಾನು ಎಲ್ಲಿ ವಾಲಿದ್ದೇನೆ, ಹೇಳು’ ಎಂದು. ಮೊದಲು ಅವರು ‘ಏನಿಲ್ಲ ಬಿಡ್ರಿ’ ಎನ್ನುತ್ತಾರೆ. ನಂಬಬೇಡಿ. ಇನ್ನೊಂದು ಸಲ ಕೇಳಿ. ಅವರು ಹೇಳಲು ಶುರು ಮಾಡಿದ ಮೇಲೆ ನಡುವೆ ಬಾಯಿ ಹಾಕಬೇಡಿ, ಕಾರಣ ಕೊಡಬೇಡಿ, ಪೂರ್ತಿ ಕೇಳಿ. ಕೇಳಿದ್ದರಲ್ಲಿ ಒಂದನ್ನು, ಒಂದೇ ಒಂದನ್ನು, ನಾಳೆ ಹೊತ್ತೇರುವುದರೊಳಗೆ ಸರಿಮಾಡಿ.

ನಾಳೆ ಇದೇ ಹೊತ್ತಿಗೆ ನೀವು ಇಲ್ಲಿಗೆ ಬರುತ್ತೀರಿ. ನಾನು ಯಾರನ್ನೂ ಏನೂ ಕೇಳುವುದಿಲ್ಲ. ನಿಮ್ಮ ಜೊತೆ ಬಂದವರ ಮುಖ ನೋಡುತ್ತೇನೆ, ನನಗೆ ತಿಳಿಯುತ್ತದೆ. ಹೋಗಿ, ಕೇಳಿ.