ಅತ್ತಿಮರದ ಹತ್ತಿರ ಕತ್ತಿಯ ಸದ್ದು

ದೀಪ ಸಣ್ಣ ಮಾಡು... ಹ್ಞಾ, ಅಷ್ಟು ಸಾಕು. ಬಾಗಿಲಿಗೆ ಅಗುಳಿ ಹಾಕಿದೆಯಾ? ಸರಿ, ಕೇಳು.

ಇದು ನನ್ನ ಸೋದರತ್ತೆ ಮಗಳು ಕ್ಯೊಂಪೈರೆಗೆ ಆದದ್ದು. ಗೊರಿಲ್ಲಾ ನೋಡೋಕೆ ನಮ್ಮ ಬ್ವಿಂಡಿ ಕಾಡಿಗೆ ಬರ್ತಾರಲ್ಲ, ಆ ಅತಿಥಿಗಳ ಚೀಲ ಹೊರೋ ಕೆಲಸ ಅವಳದು. ಕೆಲಸಕ್ಕೆ ಸೇರಿಸಿದ್ದು ಬಿಟರಿಹೊ. ಮೂವತ್ತು ವರ್ಷ ಗೊರಿಲ್ಲಾಗಳ ಜಾಡು ಹಿಡಿದ ಮನುಷ್ಯ. ಅಪ್ಪ ಇಲ್ಲದ ಹುಡುಗಿಗೆ ಕೆಸರಲ್ಲಿ ಕಾಲಿಡೋದು, ತುರಚಿ ಗಿಡ ತಪ್ಪಿಸೋದು ಎಲ್ಲಾ ಅವನೇ ಕಲಿಸಿದ. ಇವಳು ಅವನನ್ನ ದೊಡ್ಡಪ್ಪ ಅಂತಲೇ ಕರೀತಿದ್ದಳು. ಹೋದ ಮಳೆಗಾಲದಲ್ಲಿ ಕಾಲು ಜಾರಿ ಕಮರಿಗೆ ಬಿದ್ದು ಸತ್ತ. ಹೂಳುವಾಗ ನಾನೂ ಮೂರು ಹಿಡಿ ಮಣ್ಣು ಹಾಕಿದೀನಿ.

ಅದಾಗಿ ಒಂದು ತಿಂಗಳು ಕಳೆದಿತ್ತು ಅಷ್ಟೇ. ಆವತ್ತು ಗೊರಿಲ್ಲಾಗಳು ತುಂಬ ಒಳಗೆ ಹೋಗಿದ್ದವು. ನೋಡಿ ತಿರುಗೋ ಹೊತ್ತಿಗೆ ಬಿಸಿಲು ಇಳಿದಿತ್ತು. ದಾರೀಲಿ ಒಬ್ಬ ಅತಿಥಿಯ ಕಾಲು ಮುರೀತು. ಡೋಲಿ ಕಟ್ಟಿದರು. ಹೊರೋಕೆ ಎಲ್ಲರೂ ಬೇಕಾಯ್ತು, ಕಾವಲಿಗೆ ಬಂದಿದ್ದ ಬಂದೂಕಿನವನೂ ಬೇಕಾಯ್ತು. ಹಿಂದೆ ಉಳಿದದ್ದು ಇಬ್ಬರೇ... ಕ್ಯೊಂಪೈರೆ, ಮತ್ತೆ ಹಂಗೇರಿಯಿಂದ ಬಂದಿದ್ದ ಇಲೋನಾ ಅಜ್ಜಿ. ಎಪ್ಪತ್ತು ದಾಟಿದ ಜೀವ, ಅಷ್ಟು ದೂರ ನಡೆದು ಮಂಡಿ ಮಡಚೋಕಾಗ್ತಿರಲಿಲ್ಲ.

"ಈ ಅತ್ತಿಮರದ ಬುಡ ಬಿಟ್ಟು ಅಲ್ಲಾಡಬೇಡ," ಅಂದ ಗೈಡ್ ಅರಿನೈತ್ವೆ. "ಇವನನ್ನ ರಸ್ತೆಗೆ ಮುಟ್ಟಿಸಿ ಬಂದೇ ಬರ್ತೀನಿ."

"ಬರ್ತೀಯೋ, ಜೋಳದ ಹೆಂಡ ಕುಡೀತಾ ಕೂತುಬಿಡ್ತೀಯೋ?"

"ನಿನ್ನ ನಾಲಿಗೆಗೆ ಕಾಡಾನೆನೂ ಓಡುತ್ತೆ. ಹೆದರಬೇಡ ಹೋಗು."

ಅವರು ಹೋದರು. ಮಂಜು ಇಳೀತು. ಎಲೆಯಿಂದ ಎಲೆಗೆ ನೀರು... ಟಪ್... ಟಪ್. ಜೀರುಂಡೆ ಕೂಗ್ತಾ ಇದ್ದವು.

ಇದ್ದಕ್ಕಿದ್ದ ಹಾಗೆ ನಿಂತವು.

ಚರಕ್.

ಕತ್ತಿಯಿಂದ ಬಳ್ಳಿ ಕಡಿಯೋ ಸದ್ದು. ಸ್ವಲ್ಪ ಬಿಟ್ಟು ಮತ್ತೆ... ಚರಕ್. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಎರಡು ಸಲ ಸಣ್ಣಗೆ, ಒಂದು ಸಲ ದೊಡ್ಡದಾಗಿ. ಈ ಕಾಡಲ್ಲಿ ಹಾಗೆ ಮಾಡ್ತಿದ್ದವನು ಒಬ್ಬನೇ.

"ಕ್ಯೊಂಪೈರೆ... ದಾರಿ ಕಡಿದಿದೀನಿ. ಬಾ."

ಅವಳೇ ನನಗೆ ಹೇಳಿದ್ದು... ಹೆದರಿಕೆ ಆಗಲಿಲ್ಲವಂತೆ. ಸಂತೋಷ ಆಯ್ತಂತೆ. ಅಳು ಬಂತಂತೆ.

"ದೊಡ್ಡಪ್ಪಾ?"

"ಹ್ಞೂ. ಕತ್ತಲಾಗ್ತಿದೆ. ಬೇಗ ಬಾ."

ಎದ್ದಳು. ಅಜ್ಜಿ ಕೈ ಹಿಡಿದು ಎರಡು ಹೆಜ್ಜೆ ಇಟ್ಟಳು. ಅಜ್ಜಿ ಮಂಡಿ ಹಿಡಿದುಕೊಂಡು ನಿಂತುಬಿಟ್ಟರು.

"ಸ್ವಲ್ಪ ತಡಿ ದೊಡ್ಡಪ್ಪ, ಅಜ್ಜಿಗೆ ನಡೆಯೋಕಾಗ್ತಿಲ್ಲ."

ಚರಕ್.

"ಮುದುಕೀನ ಬಿಟ್ಟು ಬಾ."

ಅಲ್ಲಿಗೆ ಅವಳು ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದಳು. ನೋಡು, ಬಿಟರಿಹೊ ಒರಟ, ಬಾಯಿ ಹೊಲಸು, ಎಲ್ಲಾ ಸರಿ. ಆದರೆ ಒಂದು ಸಲ ಆನೆ ಅಟ್ಟಿಸಿಕೊಂಡು ಬಂದಾಗಲೂ ಅತಿಥಿಯನ್ನ ಹೆಗಲ ಮೇಲೆ ಹಾಕಿಕೊಂಡು ಓಡಿದವನು ಅವನು. ಬಿಟ್ಟು ಬಾ ಅನ್ನೋ ಮಾತು ಅವನ ಬಾಯಲ್ಲಿ...

"ನೀನು ನನ್ನ ದೊಡ್ಡಪ್ಪ ಅಲ್ಲ," ಅಂದಳು.

ಚರಕ್. ಈಗ ಎಡಕ್ಕೆ. ಚರಕ್. ಬಲಕ್ಕೆ. ಚರಕ್, ಚರಕ್, ಚರಕ್... ಮರದ ಸುತ್ತ ತಿರುಗೋಕೆ ಶುರುವಾಯ್ತು. ಇವಳು ಅಜ್ಜಿಯನ್ನ ಎಳೆದು ಬೇರಿನ ಸಂದಿಗೆ ಕೂರಿಸಿ, ಸೊಂಟದ ಬಟ್ಟೆ ಬಿಚ್ಚಿ, ಇಬ್ಬರ ಕೈಯನ್ನೂ ಸೇರಿಸಿ ಬೇರಿಗೆ ಬಿಗಿದಳು. ಸದ್ದು ನಿಂತಿತು. ಆಮೇಲೆ ಅದೇ ದನಿ, ಮೆತ್ತಗೆ, ಇವಳಿಗೆ ತಿಳಿಯದ ಯಾವುದೋ ಭಾಷೆಯಲ್ಲಿ ನಾಲ್ಕು ಮಾತು ಆಡಿತು.

ಅಜ್ಜಿ ಬಿಕ್ಕಿದರು. ಎದ್ದು ಓಡೋಕೆ ನೋಡಿದರು! ಮಂಡಿ ಮಡಚೋಕಾಗದ ಅಜ್ಜಿ... ಬಟ್ಟೆ ಕಿತ್ತುಬರೋ ಹಾಗೆ ಜಗ್ಗಿದರು. ಕ್ಯೊಂಪೈರೆ ಅವರ ಮೇಲೆ ಬಿದ್ದು ಅದುಮಿ ಹಿಡಿದಳು. ಅದು ಏನಂತು ಅಂತ ಅಜ್ಜಿ ಯಾರಿಗೂ ಹೇಳಲಿಲ್ಲ. ಊರಿಗೆ ಹೋಗೋ ದಿನವೂ ಹೇಳಲಿಲ್ಲ.

ಎಷ್ಟು ಹೊತ್ತೋ. "ಏ ಕ್ಯೊಂಪೈರೇ!" ಅಂತ ಅರಿನೈತ್ವೆ ದನಿ ಕೇಳಿಸ್ತು. ಇವಳು ಉತ್ತರ ಕೊಡಲಿಲ್ಲ. ಟಾರ್ಚು ಕಂಡಿತು. ಆದರೂ ಕೊಡಲಿಲ್ಲ.

"ಅಜ್ಜಿ ಹೇಗಿದ್ದಾರೆ? ಬಾಯಿ ಬಿಡೇ! ಅಜ್ಜಿ ಎಲ್ಲಿ?"

ಅಜ್ಜಿಯನ್ನ ಕೇಳಿದ ಅಂದ್ರೆ ಅವನೇ... ಆಗ ಜೋರಾಗಿ ಅತ್ತುಬಿಟ್ಟಳು.

ಆ ದನಿ ಕರೆದ ಕಡೆಗೆ ಅರಿನೈತ್ವೆ ಟಾರ್ಚು ಹಿಡಿದ. ಒಂದು ಬಳ್ಳಿಯೂ ಕಡಿದಿರಲಿಲ್ಲ. ಆರು ಹೆಜ್ಜೆ... ಆಮೇಲೆ ನೆಲವೇ ಇಲ್ಲ. ಬಿಟರಿಹೊ ಬಿದ್ದ ಕಮರಿ.

ಹೆದರಿದ ಹುಡುಗಿಯ ಭ್ರಮೆ ಅಂತೀಯಾ? ಅನ್ನು. ಮಾರನೇ ದಿನ ಬೆಳಿಗ್ಗೆ ಜಾಡು ಹಿಡಿಯೋ ಪಾಳಿ ನನ್ನದು. ಗೊರಿಲ್ಲಾ ದಿನಾ ಸಂಜೆ ಸೊಪ್ಪು ಮುರಿದು, ಹೊಸ ಹಾಸಿಗೆ ಮಾಡಿಕೊಂಡೇ ಮಲಗೋದು. ನಾವು ಬೆಳಿಗ್ಗೆ ಹಾಸಿಗೆ ಎಣಿಸ್ತೀವಿ. ಆವತ್ತು ಒಂದೂ ಇರಲಿಲ್ಲ. ಹುಲ್ಲು ದುಂಡಗೆ ಜಜ್ಜಿಹೋಗಿತ್ತು. ಮರಿಗಳನ್ನ ನಡುವೆ ಹಾಕಿಕೊಂಡು, ಬೆನ್ನು ಒಳಗೆ, ಮುಖ ಹೊರಗೆ... ಗುಂಪಿನ ಹನ್ನೊಂದೂ ಹಾಗೇ ಕೂತಿದ್ದವು. ರಾತ್ರಿಯಿಡೀ, ಮಲಗದೆ.

ನನ್ನ ಕಣ್ಣಾರೆ ನೋಡಿದೀನಿ ಕಣೋ.