ಮನಿ ಕಾರಣ

…ಇಲ್ಲ್ರಿ ತಾಯಪ್ಪನವ್ರ, ನಿಮ್ಮ ಅಂಬಾ ಇಲ್ಲಿ ಬಂದಿಲ್ಲ. ಎಷ್ಟ ಸಲ ಹೇಳ್ಲಿ? ನಿಮ್ಮ ಹೆಂಡ್ತಿ ಎಲ್ಲಿ ಹೋಗ್ಯಾಳೋ ನನಗೇನ್ ಗೊತ್ತ್ರಿ? ಕೂಡ್ರಿ… ಹಾಂ, ಕುಂತೇ ಅದೀರಿ. ನೀರು ಕುಡೀರಿ. ಚಹಾ ಇಡ್ಲಿ? ಬ್ಯಾಡಾ? ಆ ಗಾಡಿ ಕೀಲಿ ಟೇಬಲ್ ಮ್ಯಾಲ ಬಡೀಬ್ಯಾಡ್ರಿ, ಗಾಜದ… ಇರ್ಲಿ, ಬಡೀರಿ, ಏನೂ ಆಗಂಗಿಲ್ಲ.

ನಮ್ಮ ಮನಿಯವ್ರು ಈಗ ಬಂದಬಿಡ್ತಾರ. ಇಲ್ಲೇ ಕೆಳಗ ಹೋಗ್ಯಾರ, ಭಾಜಿ ತರಾಕ. ಯಾಕ ನಗ್ತೀರಿ? …ಓ, ವಾಚ್‌ಮನ್ ಹೇಳಿದ್ನಾ, ಸೊಲ್ಲಾಪುರಕ್ಕ ಹೋಗ್ಯಾರಂತ? ಹೌದ್ರಿ. ಸೊಲ್ಲಾಪುರಕ್ಕ. ಆದ್ರ ಬರ್ತಾರ. ಇವತ್ತ ಬರ್ತಾರ.

ಏನು, ಈ ರೇಣು ಮೇಡಂ, ನಾನ, ಆಕಿ ತಲಿ ಕೆಡಿಸಿದೆ ಅಂತೀರಾ? ದೇವ್ರಾಣಿ ಇಲ್ಲ! ನಾ ಕಾಲೇಜಿನಾಕಿ. ಸಣ್ಣ ಸಣ್ಣ ವ್ಯಾಪಾರ ಹೆಂಗ ಹುಟ್ಟತಾವ, ಹೆಂಗ ಬಾಳತಾವ, ಅದನ್ನ ನೋಡೋದು, ಬರಿಯೋದು, ಹುಡುಗ್ರಿಗೆ ಹೇಳೋದು… ಇಷ್ಟ ನನ್ನ ಕೆಲಸ. ತೊಂಬತ್ತಾರರಾಗ ಪಿಎಚ್‌ಡಿ ಮಾಡಾಕತ್ತಾಗ ಊರ ಹೊರಗ ಆ ಖರಾಡಿಗೆ ಬಂದಿದ್ದೆ, ನೆನಪದ ಏನ್ರಿ? ಆಗ ಅಲ್ಲಿ ಬರೀ ಹೊಲ. ನಡುವ ನೀವು ಕಟ್ಟಾಕತ್ತಿದ್ದ ಒಂದ ಬಿಲ್ಡಿಂಗು. ನೀವು ಆಳು ತರೋ ಮುಕಾದಮ. ಅಂಬಾ ಇಟ್ಟಂಗಿ ಹೊತ್ತು, ಸಂಜಿಮುಂದ ತಗಡಿನ ಶೆಡ್ಡಿನ ಮುಂದ ಒಲಿ ಹಚ್ಚಿ, ಆಳುಗೋಳಿಗೆ ರೊಟ್ಟಿ ಬಡದು ಮಾರತಿದ್ಲು. ನಾ ಮರಾಠಿಯೊಳಗ ಏನೋ ಕೇಳಿದ್ರ, ‘ಈಕಿಗೆ ಬ್ಯಾರೆ ಕೆಲಸಿಲ್ಲೇನು’ ಅಂತ ಕನ್ನಡದಾಗ ಬೈದ್ಲು! ನಾ ನಕ್ಕಬಿಟ್ಟೆ. ನನಗೂ ಕನ್ನಡ ಬರ್ತದಂತ ಆಕಿಗೆ ಗೊತ್ತಾತು, ಆಕಿನೂ ನಕ್ಕಳು. ಅಲ್ಲಿಂದ ಶುರು ಆತು ನೋಡ್ರಿ.

ಆಮ್ಯಾಲ ವರ್ಷಾ ವರ್ಷಾ ಹೋದೆ. ನೀವು ಇರ್ತಿರ್ಲಿಲ್ಲ, ಗೋವಾದಾಗ ಕೆಲಸ ಹಿಡದಿದ್ರಿ… ತಪ್ಪು ಅಂತಲ್ರಿ, ಸುಮ್ನ ಹೇಳಿದೆ. ಆಕಿ ಖಡಕ್ ರೊಟ್ಟಿ ಮಾಡಿ ಪೊಟ್ಣಾ ಕಟ್ಟಿ ಮಾರಿದ್ಲು. ಚಂದನ ನಗರದಾಗ ಸ್ವಂತದ ಶೆಡ್ ಮಾಡಿದ್ಲು. ನಾಲ್ಕ ಮಂದಿ ಹೆಣ್ಮಕ್ಕಳನ್ನ ಕೆಲಸಕ್ಕ ಇಟಗೊಂಡ್ಲು. ಕಟ್ಟಿಗಿ ಬಿಟ್ಟು ಶೇಂಗಾ ಸಿಪ್ಪಿ ಒತ್ತಿದ ಉಂಡಿ ಒಲಿಯೊಳಗ ಉರಿಸಾಕ ಹತ್ತಿದ್ಲು, ಹೊಗಿ ಕಡಿಮಿ ಆತು. ದೊಡ್ಡ ದೊಡ್ಡ ಆಫೀಸಿನ ಕ್ಯಾಂಟೀನಿಗೆ ಆಕಿ ರೊಟ್ಟಿ! ನಾ ದಿಲ್ಲಿಯೊಳಗ ನಿಂತು ಆಕಿ ಬಗ್ಗೆ ಮಾತಾಡಿದೆ. ಪುಸ್ತಕಾ ಬರದೆ. ಪ್ರೊಫೆಸರ್ ಆದೆ. ಹೌದ್ರಿ, ಆಕಿ ರೊಟ್ಟಿ ಬಡದ್ಲು, ನಾ ಪ್ರೊಫೆಸರ್ ಆದೆ. ನಗ್ರಿ, ಅದಕ್ಕ ನಗಬಹುದು.

ಯಾಕ ಎದ್ರಿ? ಫೋಟೋ? ನೋಡ್ರಿ, ನೋಡ್ರಿ, ಆಕಿನ ಅದು, ಶೆಡ್ಡಿನ ಪೂಜಾ ದಿನಾ ತಗದದ್ದು… ಅಯ್ಯೋ, ಆ ಕಡಿ ಹೋಗಬ್ಯಾಡ್ರಿ! ಅದು ಪುಸ್ತಕದ ಖೋಲಿ. ಬರೀ ಧೂಳದ. ಕೀಲಿ ಕಳದದ. ಸಪ್ಪಳಾ? ಯಾವ ಸಪ್ಪಳಾ? ವಿಮಾನ ಇಳೀತಲ್ರಿ, ಇಲ್ಲಿ ಹಂಗ, ವಿಮಾನ ಬಂದ್ರ ಕಿಡಕಿ, ಕದಾ ಎಲ್ಲಾ ನಡಗ್ತಾವ. ಬರ್ರಿ, ಕೂಡ್ರಿ.

ನಿಮಗೊಂದ ಮಾತ ಹೇಳ್ಲಿ? ನಾ ನೋಡಿದ ಹೆಣ್ಮಕ್ಕಳ ಅಂಗಡಿ ಅರ್ಧಕ್ಕರ್ಧ ಮುಚ್ಚಿ ಹೋದ್ವು. ಚೊಲೋ ನಡಿಯೋ ಅಂಗಡಿ! ಯಾಕ್ರವಾ ಅಂತ ಕೇಳಿದ್ರ ಸೆರಗಿನ ತುದಿ ತಿರುವಿಕೋತ ‘ಮನಿ ಕಾರಣ ಅಕ್ಕಾರ’ ಅಂತಿದ್ರು. ನಾನೂ ಹಂಗ ಬರಕೊಂಡೆ, ಮನಿ ಕಾರಣ. ಗಿರಾಕಿ ಇಲ್ಲಂತಲ್ಲ, ಮಾಲ ಕೆಟ್ಟಿತಂತಲ್ಲ. ಮನಿ ಕಾರಣ. ಆ ಮನಿ ಕಾರಣಕ್ಕ ಮೀಸಿ ಇರ್ತಾವ, ಅದು ಒಂದಿನಾ ನನ್ನ ಖುರ್ಚಿ ಮ್ಯಾಲ ಬಂದು ಕೂಡ್ತದ ಅಂತ… ಇಲ್ಲ, ಇಲ್ಲ! ನಿಮಗಂದಿಲ್ರಿ! ಬಾಯಿ ತಪ್ಪಿ ಬಂತು. ನೀವು ಹಂಗಲ್ಲ.

ಬಿಲ್ಡರ್ ಶೆಡ್ಡಿನ ಜಾಗಾ ಕೇಳ್ಯಾನ, ನೀವು ಹೂಂ ಅಂದೀರಿ, ಆಕಿ ಒಲ್ಲೆ ಅಂದಾಳ. ಜಾಗಾ ಆಕಿ ಹೆಸರಿಗದ. ಸಿಟ್ಟು ಬರೋದು ಸಹಜ. ನಿನ್ನಿ ರಾತ್ರಿ ಸಣ್ಣ ಮಾತಿನ ಮ್ಯಾಲ ಹೊಂಟು ಹೋದ್ಲು ಅಂದ್ರಿ, ಅಷ್ಟ ಅಲ್ಲ? ಹೌದು, ಸಣ್ಣ ಮಾತು. ಗಂಡಾ ಹೆಂಡ್ತಿ ಅಂದ ಮ್ಯಾಲ… ನೀವು ಈಗ ಮನಿಗೆ ಹೋಗ್ರಿ. ಒಂದೆರಡ ದಿನಾ ಬಿಡ್ರಿ. ತಾನ ಬರ್ತಾಳ. ಕ್ಯಾಂಟೀನಿನ ಆರ್ಡರ್ ಅದ, ಅದನ್ನ ಬಿಟ್ಟು ಎಲ್ಲಿ ಹೋಗ್ತಾಳ? ಬಂದರೂ ಆ ಸುಟ್ಟ ಕೈಲೆ ರೊಟ್ಟಿ ಹೆಂಗ ಬಡೀತಾಳೋ ಪಾಪ, ಅಂಗೈ ತುಂಬ ಬೊಬ್ಬಿ ಎದ್ದು…

ಏನ್ರಿ?

ಯಾಕ ಕೀಲಿ ಬಡಿಯೋದ ನಿಲ್ಲಿಸಿದ್ರಿ?

ಹಂಗ್ಯಾಕ ನೋಡ್ತೀರಿ… ನೀವ ಹೇಳಿದ್ರಲ್ಲ ಈಗ, ರೊಟ್ಟಿ ಸುಡೋ ಹಂಚು ತಾಗಿತಂತ. ಹೇಳ್ಲಿಲ್ಲಾ? ಹಂಗಾರ… ನಾಗವ್ವ ಹೇಳಿದ್ಲು. ಶೆಡ್ಡಿನ ನಾಗವ್ವ. ಫೋನ್ ಮಾಡಿದ್ಲು… ಅಲ್ಲ, ಆಕಿ ಊರಿಗೆ ಹೋಗ್ಯಾಳ. ಹೌದು. ಊರಾಗ ಅದಾಳ ಆಕಿ.

ಯಾಕ ಎದ್ರಿ ತಾಯಪ್ಪನವ್ರ? ಬೈರಿ. ಒದರ್‍ರಿ. ಆ ಖೋಲಿ ಕಡಿ ಮಾತ್ರ ಹೋಗಬ್ಯಾಡ್ರಿ!

…ಹೌದು. ಒಳಗ ಅದಾಳ. ಮುಂಜಾನೆ ಬಂದ್ಲು. ಕಾದ ಹಂಚಿಗೆ ಹಿಡದು ಒತ್ತೀರಿ ನೀವು, ಬಲಗೈ, ರೊಟ್ಟಿ ಬಡಿಯೋ ಕೈ. ಸಣ್ಣ ಮಾತಂತ, ಸಣ್ಣ ಮಾತು! ದವಾಖಾನಿಗೆ ಕರಕೊಂಡು ಹೋದೆ, ಪಟ್ಟಿ ಕಟ್ಟೋ ಮುಂದ ಡಾಕ್ಟರು ನನ್ನ ಮಾರಿ ನೋಡಿದ್ರು. ನಾ ಏನ್ ಹೇಳ್ಲಿ ಅವರಿಗೆ? ಮನಿ ಕಾರಣ ಅಂತ ಹೇಳ್ಲ್ಯಾ?

ಅಲ್ಲೇ ನಿಂದ್ರಿ. ನಾ ಬಾಗಲಾ ಬಿಟ್ಟು ಸರಿಯಾಂಗಿಲ್ಲ. ಅಂಜಿಕಿ ಆಗೇದ ನನಗ, ಭಾಳ ಅಂಜಿಕಿ ಆಗೇದ. ಖರೇ ಹೇಳ್ತೀನಿ, ನೀವು ದೂಡಿದ್ರ ಬಿದ್ದಬಿಡ್ತೀನಿ. ಆದ್ರ ಬಿದ್ದರೂ ಈ ಹೊಸ್ತಿಲಕ್ಕ ಅಡ್ಡ ಬಿದ್ದಿರ್ತೀನಿ. ನನ್ನ ತುಳದ ಹೋಗಬೇಕು ನೀವು.

ಅಂಬಾ! ಚಿಲಕಾ ತಗೀಬ್ಯಾಡ! ಬ್ಯಾಡ ಅಂದ್ನೆಲ್ಲ… ಯವ್ವಾ, ಯಾಕ ಹೊರಗ ಬಂದಿ? ಹಿಂದ ನಿಂದ್ರು, ನನ್ನ ಹಿಂದ. ಮುಂದ ಬರಬ್ಯಾಡ… ಅಂಬಾ…

ತಾಯಪ್ಪನವ್ರ, ಯಾಕ ಹಿಂದ ಸರದ್ರಿ? ಕಿಡಕಿ ಕಡಿ ಏನ್ ನೋಡ್ತೀರಿ? ಇಲ್ಲಿ, ಈ ಪಟ್ಟಿ ಕಟ್ಟಿದ ಕೈ ನೋಡ್ರಿ. ಆಕಿನ್ನ ನೋಡಾಕಲ್ಲೇನು ಬಂದದ್ದು? ನೋಡ್ರಿ!

ಏನಂದಿ ಅಂಬಾ? ಶೆಡ್ಡ ಕೊಡಾಂಗಿಲ್ಲ… ಹೂಂ. ಮತ್ತ? …ನನ್ನ ಕಿವ್ಯಾಗ ಹೇಳಬ್ಯಾಡವ್ವಾ. ಅವರ ಮಾರಿ ನೋಡಿ ಹೇಳು. ನಾ ಇಲ್ಲೇ ನಿಂತೀನಿ, ಹೇಳು.