ದೀಪ ಇವತ್ತು ಬೇಡ ಅತ್ತೆ

ಬೇಡ ಅತ್ತೆ, ಬೆಂಕಿಪೊಟ್ಟಣ ಇಲ್ಲಿ ಕೊಡಿ... ಕೊಡಿ ಅಂದ್ನಲ್ಲ! ಹಂಗ್ಯಾಕೆ ನೋಡ್ತೀರಾ? ಇವತ್ತೊಂದಿನ ದೇವರಿಗೆ ದೀಪ ಬೇಡ. ಈ ಹೊಗೆ ಅಲಾರಂ ಕೆಟ್ಟು ಕೂತಿದೆ, ಕಿರುಚಿಕೊಂಡ್ರೆ ಬಿಲ್ಡಿಂಗ್‌ನವರೆಲ್ಲ ಓಡಿ ಬರ್ತಾರೆ. ಹ್ಞಾಂ? ನಿನ್ನೆ ಕಿರುಚಲಿಲ್ವಾ? ನಿನ್ನೆ ಸರಿ ಇತ್ತು, ಇವತ್ತು ಕೆಟ್ಟಿದೆ. ನಿಮ್ಮ ಸೊಸೆ ಬುದ್ಧಿ ಥರ... ನಗಿ ಸ್ವಲ್ಪ. ನಗಲ್ವಾ?

ಬಿಡ್ತು ಅನ್ನಿ! ಮೊದ್ಲು ಬಿಡ್ತು ಅನ್ನಿ ಅತ್ತೆ! ಸೂತಕದ ಮನೇಲಿ ಮಾತ್ರ ದೀಪ ಹಚ್ಚಲ್ಲ ಅಂತ... ಮುಸ್ಸಂಜೇಲಿ ಆಡೋ ಮಾತಾ ಇದು?

ಅಳ್ತಿಲ್ಲ ನಾನು. ಈರುಳ್ಳಿ ಹೆಚ್ಚಿದೆ. ಎಲ್ಲಿ ಹೆಚ್ಚಿದೀಯಾ ಅಂದ್ರೆ... ಹೆಚ್ಚಬೇಕು ಅಂತಿದ್ದೆ.

ಸಂಕೇತ್ ಫೋನ್ ಮಾಡ್ತಾರೆ ಅತ್ತೆ. ನಿಮ್ಮ ಮಗ ತಾನೆ, ಹೇಳಿದ್ದು ಕೇಳ್ತಾರಾ? ಈ ಚಳೀಲಿ ಯಾಕ್ರೀ ಅಂದ್ರೂ ಕೇಳದೆ ಲಿಂಡ್‌ಹೋಲ್ಮೆನ್‌ನಲ್ಲಿರೋ ತಮ್ಮ ಆಫೀಸಿನ ಮೂವರನ್ನ ಕಟ್ಕೊಂಡು ಸ್ಕೀ ಮಾಡೋಕೆ ಹೊರಟ್ರು. ಬೆಟ್ಟದಲ್ಲಿ ಸಿಗ್ನಲ್ ಎಲ್ಲಿ ಬರಬೇಕು!

ಟೀವಿ ಹಾಕಬೇಡಿ. ಸ್ವೀಡಿಷ್‌ನಲ್ಲಿ ಬಡ್ಕೋತಾರೆ, ನಿಮಗೇನು ಅರ್ಥವಾಗತ್ತೆ? ಮಧ್ಯಾಹ್ನ ತೋರಿಸಿದ್ದಾ? ಅದು... ಅದು ಬೇರೆ ಯಾರೋ. ಬೆಟ್ಟಕ್ಕೆ ಹೋದವರಂತೆ, ನಾಲ್ಕು ಜನ. ಹಿಮದಲ್ಲಿ ಸಿಕ್ಕಿದ್ರಂತೆ. ಪಾಪ. ಅಲ್ಲ ಅತ್ತೆ, ತಂಗಿದ್ದ ಮನೇಲಿ ಒಲೆ ಇನ್ನೂ ಬೆಚ್ಚಗಿತ್ತು, ಸೌದೆ ರಾಶಿ ಇತ್ತು. ಬೂಟು ಬಾಗಿಲ ಹತ್ರ ನೀಟಾಗಿ ಜೋಡಿಸಿತ್ತು. ಜಾಕೆಟ್ಟು ಮೊಳೇಲಿ ತೂಗ್ತಿತ್ತು. ಇಷ್ಟೆಲ್ಲ ಇಟ್ಕೊಂಡು ಆ ಹಿಮಕ್ಕೆ ಬರೀ ಕಾಲುಚೀಲದಲ್ಲಿ ಯಾಕೆ ಹೋಗ್ತಾರೆ? ಯಾಕೆ? ಏನು ಕಂಡ್ರು? ಯಾರು ಕರೆದ್ರು? ಮೈಮೇಲೆ ಒಂದು ಗಾಯ ಇಲ್ಲ! ಕೇಳ್ದೆ, ಮತ್ತೆ ಮತ್ತೆ ಕೇಳ್ದೆ, ಆ ಪೊಲೀಸಮ್ಮ ನನ್ನ ಕೈ ಹಿಡ್ಕೊಂಡು ನಮಗೂ ಗೊತ್ತಾಗ್ತಿಲ್ಲ ಅಂತ...

ನಾನು ಕೇಳ್ದೆ ಅಂದ್ನಾ? ಟೀವಿಯವರು. ಟೀವಿಯವರು ಕೇಳಿದ್ರು.

ಹಾಗೆ ನೋಡಬೇಡಿ. ಬೆಳಿಗ್ಗೆ ಲಂಡನ್‌ನಿಂದ ನಿಖಿಲ್ ಬರ್ತಾನೆ. ಯಾಕೆ ಅಂದ್ರೆ? ಚಿಕ್ಕ ಮಗನಿಗೆ ಅಮ್ಮನ್ನ ನೋಡಬೇಕು ಅನ್ನಿಸಬಾರದಾ? ಇದ್ದಕ್ಕಿದ್ದಂಗೆ ರಜೆ ಹೇಗೆ ಸಿಕ್ತೋ ನನಗೇನು ಗೊತ್ತು! ಅವನು ಬರಲಿ ಅತ್ತೆ. ಅಲ್ಲೀವರೆಗೆ ನಾವು ಎರಡು ತುತ್ತು ಉಂಡು ಸುಮ್ನೆ ಮಲಗೋಣ. ನಾನೊಬ್ಬಳೇ ಹೇಗೆ... ಅಡುಗೆ, ಅಡುಗೆ ಅಂದೆ. ನಾನೊಬ್ಬಳೇ ಹೇಗೆ ಮಾಡಲಿ.

ಏನಾದ್ರೂ ಮಾತಾಡಿ. ಬೇಕಾದ್ರೆ ಬೈಯಿರಿ. ನನ್ನ ಕೈಲಾಗಲ್ಲ.

ಯಾಕೆ ಎದ್ರಿ? ದೀಪ ಬೇಡ ಅಂದ್ನಲ್ಲ. ಬೆಂಕಿಪೊಟ್ಟಣ ನನ್ನ ಹತ್ರಾನೇ ಇದೆ, ನೋಡಿ... ಅಯ್ಯೋ, ಬೆಳಿಗ್ಗೆ ದೇವರಿಗೆ ಮುಡಿಸಿದ ಹೂವು ಯಾಕೆ ತೆಗೀತೀರಾ? ಅತ್ತೆ... ದೇವರ ಬಾಗಿಲು ಮುಚ್ಚಬೇಡಿ. ನಾನೇನೂ ಹೇಳಲೇ ಇಲ್ವಲ್ಲ ಅತ್ತೆ! ಮುಚ್ಚಬೇಡಿ...